ಡೆಬಿಯನ್ ಲಿನಕ್ಸ್‌ನಲ್ಲಿ ಸದ್ದು ಬಾರದಿದ್ದಾಗ: ಸೌಂಡ್ ಕಾರ್ಡ್ ದೋಷವನ್ನು ಕೆಳಗಿನಿಂದ ಮೇಲಕ್ಕೆ ಹುಡುಕುವ ಕ್ರಮ

ಲಿನಕ್ಸ್ ಹಾಕಿದ ಕಂಪ್ಯೂಟರ್‌ನಲ್ಲಿ ಸದ್ದು ಬರುತ್ತಿಲ್ಲ ಎಂಬ ದೂರು ಎಲ್ಲರದೂ ಒಂದೇ ಆದರೂ ಅದರ ಹಿಂದಿನ ಕಾರಣ ಒಂದೇ ಆಗಿರುವುದಿಲ್ಲ. ಸೌಂಡ್ ಕಾರ್ಡ್, ಸಿಸ್ಟಂನ ತಿರುಳಾದ ಕರ್ನಲ್‌ನ ಗಮನಕ್ಕೇ ಬಾರದಿರಬಹುದು. ಬಂದಿದ್ದರೂ ಅದಕ್ಕೆ ಬೇಕಾದ ಫರ್ಮ್‌ವೇರ್ (ಚಿಪ್‌ನೊಳಗೆ ತುಂಬಬೇಕಾದ ತಂತ್ರಾಂಶ) ಕಡತ ಡಿಸ್ಕ್‌ನಲ್ಲಿ ಇಲ್ಲದಿರಬಹುದು. ಎರಡೂ ಸರಿಯಿದ್ದು, ಸದ್ದಿನ ಮಟ್ಟ ಹೊಂದಿಸುವ ಮಿಕ್ಸರ್‌ನ ಯಾವುದೋ ಒಂದು ಕಂಬ ಮ್ಯೂಟ್ ಆಗಿರಬಹುದು. ಸ್ಪೀಕರ್‌ಗೆ ಹೋಗಬೇಕಾದ ಸದ್ದು ಎಚ್‌ಡಿಎಂಐ ಕೇಬಲ್ ಹಿಡಿದು ಮಾನಿಟರ್‌ಗೆ ಹೋಗುತ್ತಿರಬಹುದು. ಇಲ್ಲವೇ ಬೇರೊಂದು ಪ್ರೋಗ್ರಾಂ ಕಾರ್ಡನ್ನು ಹಿಡಿದುಕೊಂಡು ಉಳಿದವಕ್ಕೆ ಬಿಟ್ಟುಕೊಡದೆ ಇರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯುವ ಮೊದಲೇ ಪ್ಯಾಕೇಜ್‌ಗಳನ್ನು ತೆಗೆದು ಮತ್ತೆ ಹಾಕುವುದು, ಎಲ್ಲೋ ಕಂಡ ಸಾಲನ್ನು ಸೆಟ್ಟಿಂಗ್ ಕಡತಕ್ಕೆ ಅಂಟಿಸುವುದು, ಕೊನೆಗೆ ಬೇಸತ್ತು ಇಡೀ ಸಿಸ್ಟಂ ಅನ್ನೇ ಮತ್ತೊಮ್ಮೆ ಇನ್‌ಸ್ಟಾಲ್ ಮಾಡುವುದು, ಇವೆಲ್ಲ ದೋಷದ ಕುರುಹುಗಳನ್ನು ಅಳಿಸಿಹಾಕುತ್ತವೆಯೇ ಹೊರತು ದೋಷವನ್ನು ತೋರಿಸಿಕೊಡುವುದಿಲ್ಲ.

ಸದ್ದು ಎಂದರೆ ಹಾಡು, ಸಿನಿಮಾ ಎಂದಷ್ಟೇ ತಿಳಿದವರಿಗೆ ಈ ಎಚ್ಚರಿಕೆ ಹೆಚ್ಚಾಯಿತೆನಿಸಬಹುದು. ಆದರೆ ಪರದೆಯ ಬರಹವನ್ನು ಓದಿ ಹೇಳುವ ಓರ್ಕಾ ಎಂಬ ಸ್ಕ್ರೀನ್ ರೀಡರ್ ನೆರವಿನಿಂದ ಕೆಲಸ ಮಾಡುವ ದೃಷ್ಟಿ ವಿಶೇಷಚೇತನರಿಗೆ ಸೌಂಡ್ ಕಾರ್ಡ್ ನಿಂತಿತೆಂದರೆ ಉಳಿದವರಿಗೆ ಪರದೆಯೇ ಆರಿಹೋದಷ್ಟು ತೊಂದರೆ. ಇಸ್ಪೀಕ್ ಎನ್‌ಜಿ ಎಂಬ ವಾಚಕ ತಂತ್ರಾಂಶಕ್ಕೆ ಕನ್ನಡ ಓದುವುದೂ ಗೊತ್ತಿರುವುದರಿಂದ ಕನ್ನಡದ ಬರಹವನ್ನು ಕೇಳಿಸಿಕೊಂಡೇ ಓದುವವರಿಗೆ ಈ ದಾರಿ ತೆರೆದಿದೆ, ಮತ್ತು ಅಂಥವರ ಯಂತ್ರವನ್ನು ಸರಿಪಡಿಸಲು ಕುಳಿತಾಗ ಊಹೆಯಿಂದ ಕೈಯಾಡಿಸುವುದು ತರವಲ್ಲ. ಅವರ ಯಂತ್ರದಲ್ಲಿ ಕೆಲಸ ಶುರುಮಾಡುವ ಮುನ್ನ ಒಂದು ಸಾಧಾರಣ ಯುಎಸ್‌ಬಿ ಸೌಂಡ್ ಅಡಾಪ್ಟರ್ ಸಿಕ್ಕಿಸಿ ನೋಡುವುದು ಒಳ್ಳೆಯದು. ಇವುಗಳಲ್ಲಿ ಹೆಚ್ಚಿನವು ಯುಎಸ್‌ಬಿ ಆಡಿಯೋದ ಸಾಮಾನ್ಯ ನಿಯಮವನ್ನೇ ಪಾಲಿಸುವುದರಿಂದ ಬೇರೆ ಫರ್ಮ್‌ವೇರ್ ಇಲ್ಲದೆ ನಡೆಯುತ್ತವೆ, ಮತ್ತು ದುರಸ್ತಿ ನಡೆಯುವಷ್ಟು ಹೊತ್ತು ಯಂತ್ರದ ಒಡೆಯರೇ ಅದನ್ನು ಕೇಳಿಸಿಕೊಳ್ಳುತ್ತಾ ಜೊತೆಗಿರಬಹುದು.

ಇಲ್ಲಿನ ವಿವರ 2023ರ ಜೂನ್ 10ರಂದು ಬಿಡುಗಡೆಯಾದ ಡೆಬಿಯನ್ 12, ಅದರ 6.1 ಕರ್ನಲ್ ಮತ್ತು ಗ್ನೋಮ್ ಡೆಸ್ಕ್‌ಟಾಪ್ ಇರುವ ಯಂತ್ರವನ್ನು ಎದುರಿಗಿಟ್ಟುಕೊಂಡು ಬರೆದದ್ದು. ಉಬುಂಟು, ಫೆಡೋರಾ ಮುಂತಾದ ಇತರ ಲಿನಕ್ಸ್‌ಗಳಲ್ಲಿ ಪ್ಯಾಕೇಜ್‌ಗಳ ಹೆಸರು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಆಜ್ಞೆಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಮತ್ತು ಬೇರೆ ಸೂಚನೆ ಇಲ್ಲದ ಕಡೆ ಎಲ್ಲವೂ ಸಣ್ಣಕ್ಷರಗಳು.

ಸದ್ದು ಸಾಗುವ ದಾರಿ

ಬ್ರೌಸರ್‌ನಲ್ಲಿ ಹಾಡೊಂದನ್ನು ಹಾಕಿದಾಗ ಅದರ ದತ್ತಾಂಶ ಮೊದಲು ಪೈಪ್‌ವೈರ್ ಎಂಬ ಸೌಂಡ್ ಸರ್ವರ್‌ಗೆ ಹೋಗುತ್ತದೆ. ಹಲವು ಪ್ರೋಗ್ರಾಂಗಳ ಸದ್ದನ್ನು ಒಂದಾಗಿ ಬೆರೆಸುವುದು ಪೈಪ್‌ವೈರ್‌ನ ಕೆಲಸ. ಯಾವ ಸದ್ದು ಯಾವ ಸ್ಪೀಕರ್‌ಗೆ ಎಂದು ತೀರ್ಮಾನಿಸುವುದು ಅದರ ಜೊತೆಗಾರ ವೈರ್‌ಪ್ಲಂಬರ್‌ನ ಕೆಲಸ. ಅಲ್ಲಿಂದ ಕೆಳಗೆ ಕರ್ನಲ್‌ನೊಳಗಿನ ಆಲ್ಸಾ ಇದೆ. ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ ಈ ಯೋಜನೆ, ಹನ್ನು ಸಾವೊಲೈನೆನ್ 1992ರಲ್ಲಿ ಶುರುಮಾಡಿದ್ದ ಓಎಸ್‌ಎಸ್ ಎಂಬ ಹಳೆಯ ವ್ಯವಸ್ಥೆಯ ಜಾಗಕ್ಕೆ ಬಂದು, 2003ರ ಡಿಸೆಂಬರ್‌ನಲ್ಲಿ ಹೊರಬಂದ 2.6 ಕರ್ನಲ್‌ನಿಂದ ಈಚೆಗೆ ಲಿನಕ್ಸ್‌ನ ಮುಖ್ಯ ಧ್ವನಿ ವ್ಯವಸ್ಥೆಯಾಗಿದೆ. ಹಳೆಯ ಟಿಪ್ಪಣಿಗಳಲ್ಲಿ ಕಾಣುವ, ಓಎಸ್‌ಎಸ್‌ಗೆ ಸೇರಿದ /ಡೆವ್/ಡಿಎಸ್‌ಪಿ ಎಂಬ ಕಡತ ಇಂದಿನ ಯಂತ್ರದಲ್ಲಿ ಇಲ್ಲದಿರುವುದಕ್ಕೆ ಕಾರಣ ಇದು. ಅದು ದೋಷದ ಲಕ್ಷಣ ಅಲ್ಲ.

ಆಲ್ಸಾದ ಕೆಳಗೆ ಯಂತ್ರಾಂಶ. ಇಂಟೆಲ್ 2004ರಲ್ಲಿ ರೂಪಿಸಿದ ಹೈ ಡೆಫಿನಿಷನ್ ಆಡಿಯೋ (ಎಚ್‌ಡಿಎ) ಪದ್ಧತಿಯಲ್ಲಿ ಇಲ್ಲಿ ಎರಡು ಬೇರೆ ಬೇರೆ ಭಾಗಗಳಿರುತ್ತವೆ: ಚಿಪ್‌ಸೆಟ್‌ನೊಳಗಿನ ಕಂಟ್ರೋಲರ್ ಒಂದು, ಮದರ್‌ಬೋರ್ಡ್ ಮೇಲೆ ಪ್ರತ್ಯೇಕವಾಗಿ ಕೂತ ಕೋಡೆಕ್ ಎಂಬ ಚಿಪ್ ಇನ್ನೊಂದು. ಅಂಕಿಗಳ ರೂಪದ ಸದ್ದನ್ನು ವಿದ್ಯುತ್ ಅಲೆಯಾಗಿ ಬದಲಿಸುವುದು ಕೋಡೆಕ್. ಕೋಡೆಕ್ ತಯಾರಿಸುವ ಕಂಪನಿಯ ಹೆಸರು ಹಿಡಿದು ‘ರಿಯಲ್‌ಟೆಕ್ ಡ್ರೈವರ್ ಎಲ್ಲಿ ಸಿಗುತ್ತದೆ’ ಎಂದು ಹುಡುಕಿ ಸುಸ್ತಾಗುವವರು ಬಹಳ ಮಂದಿ. ಕಂಟ್ರೋಲರ್‌ಗೆ ಬೇಕಾದ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಮಾಡ್ಯೂಲೂ (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಣುಕು) ರಿಯಲ್‌ಟೆಕ್ ಕೋಡೆಕ್‌ಗೆ ಬೇಕಾದ ಮಾಡ್ಯೂಲೂ ಕರ್ನಲ್ ಜೊತೆಗೇ ಬರುತ್ತವೆ, ಹೊರಗಿನಿಂದ ತಂದು ಹಾಕುವಂಥದ್ದು ಏನೂ ಇಲ್ಲ. ಹೆಸರಿನಲ್ಲಿ ಇಂಟೆಲ್ ಎಂದಿದ್ದರೂ ಈ ಮಾಡ್ಯೂಲ್ ಎಎಂಡಿ ಯಂತ್ರಗಳಲ್ಲಿಯೂ ಎನ್‌ವಿಡಿಯಾ ಕಾರ್ಡ್‌ಗಳ ಎಚ್‌ಡಿಎಂಐ ಸದ್ದಿಗೂ ಬಳಕೆಯಾಗುತ್ತದೆ.

ಪರೀಕ್ಷೆ ಈ ದಾರಿಯ ತಳದಿಂದ ಶುರುವಾಗಬೇಕು. ಕೆಳಗಿನ ಹಂತ ಸರಿಯಿದೆ ಎಂದು ಖಚಿತವಾಗದೆ ಮೇಲಿನದನ್ನು ಮುಟ್ಟಬಾರದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಪ್ರತಿ ಆಜ್ಞೆ ಕೊಟ್ಟ ಉತ್ತರವನ್ನು ಒಂದು ಕಡತದಲ್ಲಿ ಉಳಿಸಿಕೊಳ್ಳಬೇಕು.

ಕರ್ನಲ್‌ಗೆ ಕಾರ್ಡ್ ಕಾಣುತ್ತಿದೆಯೇ

ಮೊದಲ ಆಜ್ಞೆ ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ. ಇದು ಯಂತ್ರದೊಳಗಿನ ಎಲ್ಲ ಪಿಸಿಐ ಸಾಧನಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ‘ಆಡಿಯೋ ಡಿವೈಸ್’ ಅಥವಾ ‘ಮಲ್ಟಿಮೀಡಿಯಾ ಆಡಿಯೋ ಕಂಟ್ರೋಲರ್’ ಎಂಬ ಸಾಲನ್ನು ಹುಡುಕಬೇಕು. ಆ ಸಾಲೇ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ. ಯಂತ್ರ ಆನ್ ಆಗುವಾಗ ತೆರೆಯಬಹುದಾದ ಬಯೋಸ್ ಸೆಟಪ್ ಒಳಗೆ ಹೋಗಿ ಆನ್‌ಬೋರ್ಡ್ ಆಡಿಯೋ ನಿಷ್ಕ್ರಿಯವಾಗಿದೆಯೇ ಎಂದು ನೋಡಬೇಕು. ಸಾಲು ಇದ್ದರೆ ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಇನ್ನೊಂದು ಸಾಲು ಇರಬೇಕು. ಡ್ರೈವರ್‌ನ ಹೆಸರು ಅಲ್ಲಿಲ್ಲದೆ ‘ಕರ್ನಲ್ ಮಾಡ್ಯೂಲ್ಸ್’ ಎಂಬ ಸಾಲು ಮಾತ್ರ ಕಂಡರೆ, ತಕ್ಕ ಮಾಡ್ಯೂಲ್ ಇದೆ ಆದರೆ ಅದು ಕಾರ್ಡನ್ನು ವಹಿಸಿಕೊಂಡಿಲ್ಲ ಎಂದು ತಿಳಿಯಬೇಕು. ಯಾರೋ ಹಿಂದೆ /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಆ ಮಾಡ್ಯೂಲನ್ನು ‘ಬ್ಲ್ಯಾಕ್‌ಲಿಸ್ಟ್’ ಮಾಡಿಟ್ಟಿರುವುದು, ಅಂದರೆ ತಾನಾಗಿ ಲೋಡ್ ಆಗದಂತೆ ತಡೆದಿಟ್ಟಿರುವುದು, ಇದಕ್ಕೆ ಒಂದು ಕಾರಣ. ಆ ಫೋಲ್ಡರ್‌ನ ಎಲ್ಲ ಕಡತಗಳಲ್ಲಿ ‘ಎಸ್‌ಎನ್‌ಡಿ’ ಎಂಬ ಅಕ್ಷರಗಳನ್ನು ಗ್ರೆಪ್ ಆಜ್ಞೆಯಿಂದ ಹುಡುಕಿ ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ವರ್ಷಗಳ ಹಿಂದೆ ಇನ್ಯಾವುದೋ ತೊಂದರೆಗೆಂದು ಸೇರಿಸಿದ ಸಾಲು ಅಲ್ಲಿ ಹಾಗೇ ಉಳಿದು, ಕರ್ನಲ್ ಹೊಸದಾದ ಮೇಲೆ ತಾನೇ ತೊಂದರೆಯಾಗುವುದುಂಟು.

ಎರಡನೆಯ ಪರೀಕ್ಷೆ /ಪ್ರೊಕ್/ಎಸೌಂಡ್/ಕಾರ್ಡ್ಸ್ ಕಡತವನ್ನು ಕ್ಯಾಟ್ ಆಜ್ಞೆಯಿಂದ ಓದುವುದು. ಆಲ್ಸಾ ಗುರುತಿಸಿದ ಕಾರ್ಡ್‌ಗಳು 0, 1 ಎಂಬ ಕ್ರಮಸಂಖ್ಯೆಯೊಂದಿಗೆ ಅಲ್ಲಿರುತ್ತವೆ. ಒಂದೂ ಇಲ್ಲದಿದ್ದರೆ ‘ನೋ ಸೌಂಡ್‌ಕಾರ್ಡ್ಸ್’ ಎಂದಿರುತ್ತದೆ. ಹೆಚ್ಚಿನವರು ಇದರ ಬದಲು ಎಪ್ಲೇ -ಎಲ್ ಎಂಬ ಆಜ್ಞೆಯನ್ನು ಕೊಡುತ್ತಾರೆ. ಅದೂ ಒಳ್ಳೆಯದೇ, ಆದರೆ ಅದರಲ್ಲೊಂದು ತೊಡಕಿದೆ. ಕಾರ್ಡ್ ನಿಜಕ್ಕೂ ಇಲ್ಲದಿದ್ದರೂ, ಕಾರ್ಡ್ ಇದ್ದು ಅದನ್ನು ತೆರೆಯಲು ಬಳಕೆದಾರರಿಗೆ ಅನುಮತಿ ಇಲ್ಲದಿದ್ದರೂ ಎಪ್ಲೇ ಕೊಡುವುದು ‘ನೋ ಸೌಂಡ್‌ಕಾರ್ಡ್ಸ್ ಫೌಂಡ್’ ಎಂಬ ಒಂದೇ ಉತ್ತರ. /ಪ್ರೊಕ್ ಒಳಗಿನ ಕಡತವನ್ನು ಯಾರು ಬೇಕಾದರೂ ಓದಬಹುದಾದ್ದರಿಂದ ಅಲ್ಲಿ ಕಾರ್ಡ್ ಕಂಡು ಎಪ್ಲೇಗೆ ಕಾಣದಿದ್ದರೆ ದೋಷ ಅನುಮತಿಯಲ್ಲಿದೆ.

ಅನುಮತಿಯ ವಿಷಯವನ್ನು ಇಲ್ಲೇ ಮುಗಿಸಿಬಿಡಬಹುದು. ಯಂತ್ರದ ಮುಂದೆ ಕುಳಿತು ಲಾಗಿನ್ ಆದವರಿಗೆ /ಡೆವ್/ಎಸ್‌ಎನ್‌ಡಿ ಒಳಗಿನ ಸಾಧನ ಕಡತಗಳ ಮೇಲೆ ಸೇವೆಗಳನ್ನು ನಡೆಸುವ ಸಿಸ್ಟಂಡಿ ತಾನಾಗಿಯೇ ಹಕ್ಕು ಕೊಡುತ್ತದೆ; ಎಲ್‌ಎಸ್ -ಎಲ್ ಕೊಟ್ಟಾಗ ಅನುಮತಿಯ ಅಕ್ಷರಗಳ ಕೊನೆಯಲ್ಲಿ ಕಾಣುವ ಕೂಡಿಸುವ ಚಿಹ್ನೆ ಅದರ ಗುರುತು. ಎಸ್‌ಎಸ್‌ಎಚ್ ಮೂಲಕ ದೂರದಿಂದ ಬಂದವರಿಗೆ ಆ ಹಕ್ಕು ಸಿಗುವುದಿಲ್ಲ. ಆದ್ದರಿಂದ ದೂರದಿಂದ ದುರಸ್ತಿ ಮಾಡುವವರು ಎಪ್ಲೇಯ ಮಾತನ್ನು ನೇರವಾಗಿ ನಂಬದೆ, ಆಡಳಿತಗಾರರ ಹಕ್ಕು ಕೊಡುವ ಸುಡೋ ಸೇರಿಸಿ ಇನ್ನೊಮ್ಮೆ ಕೇಳಬೇಕು. ಬಳಕೆದಾರರನ್ನು ‘ಆಡಿಯೋ’ ಗುಂಪಿಗೆ ಸೇರಿಸಿದರೂ ಹಕ್ಕು ಸಿಗುತ್ತದೆ, ಆದರೆ ಹಲವರು ಬಳಸುವ ಯಂತ್ರದಲ್ಲಿ ಹಾಗೆ ಮಾಡಿದರೆ ಆ ಗುಂಪಿನವರು ದೂರದಿಂದಲೇ ಮೈಕ್ ತೆರೆಯಬಲ್ಲವರಾಗುತ್ತಾರೆ ಎಂಬುದನ್ನು ಮರೆಯಬಾರದು.

ಕಾರ್ಡ್ ಕಾಣುತ್ತಿದ್ದರೆ /ಪ್ರೊಕ್/ಎಸೌಂಡ್/ಕಾರ್ಡ್0 ಫೋಲ್ಡರ್‌ನಲ್ಲಿರುವ ‘ಕೋಡೆಕ್#0’ ಕಡತವನ್ನೂ ತೆರೆಯಬೇಕು. ಮೊದಲ ಸಾಲಿನಲ್ಲೇ ‘ರಿಯಲ್‌ಟೆಕ್ ಎಎಲ್‌ಸಿ257’ ಎಂಬಂಥ ಹೆಸರು ಸಿಗುತ್ತದೆ. ಮುಂದೆ ಯಾರ ನೆರವು ಕೇಳಬೇಕಾದರೂ ಲ್ಯಾಪ್‌ಟಾಪ್‌ನ ಮಾದರಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಈ ಹೆಸರೇ.

ಫರ್ಮ್‌ವೇರ್ ಇಲ್ಲದ ಯಂತ್ರ

ಈಚಿನ ವರ್ಷಗಳ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಹೊಸದಾಗಿ ಡೆಬಿಯನ್ ಹಾಕಿದಾಗ ಸದ್ದೇ ಇಲ್ಲದಿರುವುದಕ್ಕೆ ನಾನು ಮೊದಲು ಅನುಮಾನಿಸುವುದು ಫರ್ಮ್‌ವೇರನ್ನು, ಹೀಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಯಂತ್ರಗಳಲ್ಲಿ ಪರದೆಯ ಮೇಲಂಚಿನ ಡಿಜಿಟಲ್ ಮೈಕ್‌ಗಳು ಕೋಡೆಕ್‌ಗೆ ಸೇರದೆ, ಚಿಪ್‌ಸೆಟ್‌ನೊಳಗಿನ ಡಿಎಸ್‌ಪಿ ಎಂಬ ಪುಟ್ಟ ಸಂಸ್ಕಾರಕಕ್ಕೆ ಸೇರಿರುತ್ತವೆ. ಯಂತ್ರದ ಬಯೋಸ್ ತನ್ನ ಕೋಷ್ಟಕದಲ್ಲಿ ‘ಇಲ್ಲಿ ಡಿಜಿಟಲ್ ಮೈಕ್ ಇದೆ’ ಎಂದು ಹೇಳಿದ್ದನ್ನು ಕಂಡ ಕರ್ನಲ್ ಹಳೆಯ ಎಚ್‌ಡಿಎ ಡ್ರೈವರನ್ನು ಬಿಟ್ಟು ಸೌಂಡ್ ಓಪನ್ ಫರ್ಮ್‌ವೇರ್ (ಎಸ್‌ಓಎಫ್) ಆಧಾರಿತ ಡ್ರೈವರನ್ನು ಆರಿಸಿಕೊಳ್ಳುತ್ತದೆ. ಆ ಡ್ರೈವರ್ ಕೆಲಸ ಶುರುಮಾಡಬೇಕಾದರೆ ಡಿಎಸ್‌ಪಿಗೆ ತುಂಬಬೇಕಾದ ಫರ್ಮ್‌ವೇರ್ ಕಡತ /ಲಿಬ್/ಫರ್ಮ್‌ವೇರ್ ಒಳಗೆ ಇರಲೇಬೇಕು. ಇಲ್ಲದಿದ್ದರೆ ಮೈಕ್ ಅಷ್ಟೇ ಅಲ್ಲ, ಕೋಡೆಕ್‌ಗೆ ಸೇರಿದ ಸ್ಪೀಕರ್ ಕೂಡ ಕಾಣೆಯಾಗುತ್ತದೆ; ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಎಂಬ ಒಂದೇ ಹೆಸರು ಉಳಿಯುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಸುಡೋ ಡಿಎಂಇಎಸ್‌ಜಿ ಆಜ್ಞೆಯ ಉತ್ತರದಲ್ಲಿ ‘ಎಸ್‌ಓಎಫ್’ ಎಂಬ ಅಕ್ಷರಗಳಿರುವ ಸಾಲುಗಳನ್ನು ಗ್ರೆಪ್ ಮಾಡಿ ತೆಗೆಯಬೇಕು. ಇಂಟೆಲ್‌ನ ಟೈಗರ್ ಲೇಕ್ ಪೀಳಿಗೆಯ ಯಂತ್ರವಾದರೆ ‘ಇಂಟೆಲ್/ಎಸ್‌ಓಎಫ್/ಎಸ್‌ಓಎಫ್-ಟಿಜಿಎಲ್.ಆರ್‌ಐ’ ಎಂಬ ಕಡತವನ್ನು ತುಂಬುವುದು ವಿಫಲವಾಯಿತು, ದೋಷಸಂಖ್ಯೆ -2 ಎಂಬರ್ಥದ ಸಾಲು ಸಿಗುತ್ತದೆ. ಕರ್ನಲ್‌ನ ಲೆಕ್ಕದಲ್ಲಿ 2 ಎಂದರೆ ಅಂಥ ಕಡತವೇ ಇಲ್ಲ ಎಂದು. ಈ ಸಾಲು ಸಿಕ್ಕ ಮೇಲೆ ಮಿಕ್ಸರ್, ಪೈಪ್‌ವೈರ್ ಯಾವುದನ್ನೂ ತೆರೆಯುವ ಅಗತ್ಯವಿಲ್ಲ.

ಡೆಬಿಯನ್‌ನಲ್ಲಿ ಬೇಕಾದ ಪ್ಯಾಕೇಜ್ ಫರ್ಮ್‌ವೇರ್-ಎಸ್‌ಓಎಫ್-ಸೈನ್ಡ್. ಜೊತೆಗೆ ಆಲ್ಸಾ-ಯುಸಿಎಂ-ಕಾನ್ಫ್ ಪ್ಯಾಕೇಜ್ ಇದೆಯೇ ಎಂದೂ ನೋಡಬೇಕು; ಅದಿಲ್ಲದಿದ್ದರೆ ಸ್ಪೀಕರ್ ಬಂದರೂ ಮೈಕ್ ಸರಿಯಾಗಿ ಕಾಣಿಸಿಕೊಳ್ಳದೆ ಹೋಗಬಹುದು. ಪ್ಯಾಕೇಜ್ ಸಿಗಲಿಲ್ಲ ಎಂದು, ಪ್ಯಾಕೇಜ್‌ಗಳನ್ನು ತಂದು ಹಾಕುವ ಏಪಿಟಿ ಹೇಳಿದರೆ /ಇಟಿಸಿ/ಏಪಿಟಿ/ಸೋರ್ಸಸ್.ಲಿಸ್ಟ್ ಕಡತವನ್ನು ತೆರೆದು ನೋಡಬೇಕು. ಡೆಬಿಯನ್ 11ರ ತನಕ ಇಂಥ ಫರ್ಮ್‌ವೇರ್‌ಗಳು ‘ನಾನ್-ಫ್ರೀ’ ವಿಭಾಗದಲ್ಲಿದ್ದವು. 12ರಿಂದ ಅವನ್ನು ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಹೊಸ ವಿಭಾಗಕ್ಕೆ ಸ್ಥಳಾಂತರಿಸಲಾಯಿತು. ಹೊಸದಾಗಿ 12 ಹಾಕಿಕೊಂಡವರಿಗೆ ಇನ್‌ಸ್ಟಾಲರೇ ಈ ವಿಭಾಗವನ್ನು ಸೇರಿಸಿಕೊಡುತ್ತದೆ, ಆದರೆ 11ರಿಂದ ಮೇಲ್ದರ್ಜೆಗೆ ಏರಿಸಿಕೊಂಡವರು ಆ ಪದವನ್ನು ತಮ್ಮ ಕೈಯಿಂದಲೇ ಸಾಲಿನ ಕೊನೆಗೆ ಸೇರಿಸಿ ಏಪಿಟಿ ಅಪ್‌ಡೇಟ್ ಕೊಡಬೇಕು. ಪ್ಯಾಕೇಜ್ ಹಾಕಿದ ಮೇಲೆ ಯಂತ್ರವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಇಂಟರ್‌ನೆಟ್ ಸಂಪರ್ಕವಿಲ್ಲದೆ ಫರ್ಮ್‌ವೇರ್ ತರಲಾಗದ ಸಂದರ್ಭದಲ್ಲಿ ಒಂದು ತಾತ್ಕಾಲಿಕ ದಾರಿ ಇದೆ. /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಹೊಸ ಕಡತವೊಂದನ್ನು ಮಾಡಿ ‘ಆಪ್ಷನ್ಸ್ ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ ಡಿಎಸ್‌ಪಿ_ಡ್ರೈವರ್=1’ ಎಂಬ ಸಾಲು ಬರೆದರೆ ಕರ್ನಲ್ ಡಿಎಸ್‌ಪಿಯನ್ನು ಬದಿಗಿಟ್ಟು ಹಳೆಯ ಎಚ್‌ಡಿಎ ಡ್ರೈವರನ್ನೇ ಬಳಸುತ್ತದೆ. ಸ್ಪೀಕರ್ ಮತ್ತು ಹೆಡ್‌ಫೋನ್ ಬರುತ್ತವೆ, ಒಳಗಿನ ಡಿಜಿಟಲ್ ಮೈಕ್ ಬರುವುದಿಲ್ಲ. ಇದನ್ನೇ ಶಾಶ್ವತ ಪರಿಹಾರವೆಂದು ಬಿಟ್ಟವರು ತಿಂಗಳುಗಳ ನಂತರ ‘ವಿಡಿಯೋ ಕರೆಯಲ್ಲಿ ನನ್ನ ಮಾತು ಕೇಳುತ್ತಿಲ್ಲ’ ಎಂಬ ಹೊಸ ದೂರಿನೊಂದಿಗೆ ಬರುತ್ತಾರೆ. ಫರ್ಮ್‌ವೇರ್ ಸಿಕ್ಕ ಕೂಡಲೇ ಈ ಕಡತವನ್ನು ತೆಗೆದುಬಿಡಬೇಕು. ಕೋಡೆಕ್ ಎಚ್‌ಡಿಎ ಬದಲು ಸೌಂಡ್‌ವೈರ್ ಎಂಬ ಬೇರೆ ಸಂಪರ್ಕದ ಮೂಲಕ ಸೇರಿರುವ ಯಂತ್ರಗಳಲ್ಲಿ ಈ ಉಪಾಯ ನಡೆಯುವುದೂ ಇಲ್ಲ.

ಯಂತ್ರ ತೀರಾ ಹೊಸದಾಗಿದ್ದು 6.1 ಕರ್ನಲ್‌ಗೆ ಅದರ ಪರಿಚಯವೇ ಇಲ್ಲದಿದ್ದರೆ ಹೊಸ ಆವೃತ್ತಿಗಳನ್ನು ಒದಗಿಸುವ ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ ಭಂಡಾರದಿಂದ ಹೊಸ ಕರ್ನಲ್ ಹಾಕಿಕೊಳ್ಳಬೇಕಾಗುತ್ತದೆ. ಆಗ ಫರ್ಮ್‌ವೇರ್ ಪ್ಯಾಕೇಜನ್ನೂ ಅದೇ ಭಂಡಾರದಿಂದ ತರುವುದು ಒಳ್ಳೆಯದು.

ಮಿಕ್ಸರ್ ಮತ್ತು ಹೆಡ್‌ಫೋನ್ ತೂತು

ಕಾರ್ಡ್ ಕಾಣುತ್ತಿದೆ, ಡಿಎಂಇಎಸ್‌ಜಿಯಲ್ಲಿ ದೋಷದ ಸಾಲುಗಳಿಲ್ಲ, ಆದರೂ ಸದ್ದಿಲ್ಲ ಎಂದಾದರೆ ಆಲ್ಸಾಮಿಕ್ಸರ್ ತೆರೆಯಬೇಕು. ಸುಮ್ಮನೆ ಆಲ್ಸಾಮಿಕ್ಸರ್ ಎಂದಷ್ಟೇ ಕೊಟ್ಟರೆ ಪೈಪ್‌ವೈರ್‌ನ ಕಾಲ್ಪನಿಕ ಕಾರ್ಡ್ ತೆರೆದುಕೊಂಡು ‘ಮಾಸ್ಟರ್’ ಮತ್ತು ‘ಕ್ಯಾಪ್ಚರ್’ ಎಂಬ ಎರಡೇ ಕಂಬಗಳು ಕಾಣಬಹುದು. ಅವೆರಡೂ ಸರಿಯಾಗಿವೆ ಎಂದು ಮಿಕ್ಸರ್ ಮುಚ್ಚಿಬಿಟ್ಟರೆ ನಿಜವಾದ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಎಫ್6 ಒತ್ತಿ ನಿಜವಾದ ಕಾರ್ಡನ್ನು ಆರಿಸಬೇಕು, ಅಥವಾ ಮೊದಲೇ ಆಲ್ಸಾಮಿಕ್ಸರ್ -ಸಿ 0 ಎಂದು ಕೊಡಬೇಕು. ಆಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಂ ಎಂಬ ಕಂಬಗಳು ಸಾಲಾಗಿ ಬರುತ್ತವೆ. ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಅದು ಮ್ಯೂಟ್ ಆಗಿದೆ, ‘00’ ಎಂದಿದ್ದರೆ ತೆರೆದಿದೆ. ಬಾಣದ ಕೀಲಿಯಿಂದ ಆ ಕಂಬಕ್ಕೆ ಹೋಗಿ ಎಂ ಒತ್ತಿದರೆ ಮ್ಯೂಟ್ ಹೋಗುತ್ತದೆ, ಮೇಲಿನ ಬಾಣ ಒತ್ತಿದರೆ ಮಟ್ಟ ಏರುತ್ತದೆ. ಮಾಸ್ಟರ್ ತೆರೆದಿದ್ದು ಸ್ಪೀಕರ್ ಒಂದೇ ಮ್ಯೂಟ್ ಆಗಿರುವುದು ಬಹಳ ಸಾಮಾನ್ಯ.

ಸ್ಪೀಕರ್ ಕಂಬ ಎಷ್ಟು ಸಲ ತೆರೆದರೂ ಸದ್ದು ಬಾರದೆ, ಹೆಡ್‌ಫೋನ್ ಸಿಕ್ಕಿಸಿದರೆ ಮಾತ್ರ ಬರುತ್ತಿದ್ದರೆ ಕಂಬಗಳ ಕೊನೆಯಲ್ಲಿರುವ ‘ಆಟೋ-ಮ್ಯೂಟ್ ಮೋಡ್’ ಕಡೆ ಗಮನ ಹರಿಸಬೇಕು. ಹೆಡ್‌ಫೋನ್ ಸಿಕ್ಕಿಸಿದ ಕೂಡಲೇ ಸ್ಪೀಕರನ್ನು ನಿಲ್ಲಿಸುವುದು ಇದರ ಕೆಲಸ. 3.5 ಮಿಲಿಮೀಟರ್‌ನ ಆ ತೂತಿನೊಳಗೆ ಧೂಳು ಕೂತಿದ್ದರೆ, ತೇವದಿಂದ ಒಳಗಿನ ಲೋಹದ ನಾಲಿಗೆ ಕಿಲುಬು ಹಿಡಿದಿದ್ದರೆ, ಅಥವಾ ಹಳೆಯ ಪಿನ್ನಿನ ತುದಿ ಮುರಿದು ಅಲ್ಲೇ ಉಳಿದಿದ್ದರೆ, ಏನೂ ಸಿಕ್ಕಿಸದೆಯೂ ಕೋಡೆಕ್‌ಗೆ ಹೆಡ್‌ಫೋನ್ ಇರುವಂತೆ ತೋರುತ್ತದೆ. ಇದನ್ನು ಊಹಿಸಬೇಕಾಗಿಲ್ಲ, ನೇರವಾಗಿ ಕೇಳಿ ತಿಳಿಯಬಹುದು. ತೂತು ಖಾಲಿಯಿರುವಾಗ ಎಮಿಕ್ಸರ್ -ಸಿ 0 ಕಂಟೆಂಟ್ಸ್ ಎಂಬ ಆಜ್ಞೆ ಕೊಟ್ಟು, ಬರುವ ಉದ್ದನೆಯ ಉತ್ತರದಲ್ಲಿ ‘ಹೆಡ್‌ಫೋನ್ ಜ್ಯಾಕ್’ ಎಂಬ ಹೆಸರನ್ನು ಹುಡುಕಿ, ಅದರ ಕೆಳಗಿನ ‘ವ್ಯಾಲ್ಯೂಸ್’ ಸಾಲನ್ನು ನೋಡಿ. ಅಲ್ಲಿ ‘ಆಫ್’ ಎಂದಿರಬೇಕು. ಪಿನ್ ಸಿಕ್ಕಿಸಿ ಮತ್ತೆ ಕೇಳಿದಾಗ ‘ಆನ್’ ಆಗಬೇಕು, ತೆಗೆದಾಗ ಮತ್ತೆ ‘ಆಫ್’. ಖಾಲಿ ತೂತಿಗೂ ‘ಆನ್’ ಎಂಬ ಉತ್ತರವೇ ಬರುತ್ತಿದ್ದರೆ ದೋಷ ಲೋಹದಲ್ಲಿದೆ, ಲಿನಕ್ಸ್‌ನಲ್ಲಿಲ್ಲ. ಯಂತ್ರವನ್ನು ಆಫ್ ಮಾಡಿ, ಒತ್ತಡದ ಗಾಳಿಯಿಂದ ಊದಿ, ಹೆಡ್‌ಫೋನ್ ಪಿನ್ನನ್ನೇ ಹಲವು ಸಲ ಹಾಕಿ ತೆಗೆದು ನೋಡಬೇಕು. ಸೂಜಿ, ಹೇರ್‌ಪಿನ್ ಹಾಕಿ ಕೆದಕಬಾರದು.

ತೂತು ಸರಿಯಾಗದಿದ್ದರೆ ಆಟೋ-ಮ್ಯೂಟ್ ಮೋಡನ್ನು ‘ಡಿಸೇಬಲ್ಡ್’ ಮಾಡಬಹುದು. ಅದೊಂದೇ ಸಾಲದೆಯೂ ಹೋಗಬಹುದು, ಏಕೆಂದರೆ ಮೇಲಿನ ಹಂತದ ಸೌಂಡ್ ಸರ್ವರ್ ಕೂಡ ಇದೇ ಜ್ಯಾಕ್‌ನ ಸುದ್ದಿಯನ್ನು ಕೇಳಿ ಹೆಡ್‌ಫೋನ್ ಪೋರ್ಟಿಗೆ ಹೊರಳಿರುತ್ತದೆ. ಪಾವುಕಂಟ್ರೋಲ್ ಎಂಬ ಪ್ರೋಗ್ರಾಂನ ‘ಔಟ್‌ಪುಟ್ ಡಿವೈಸಸ್’ ಪುಟದಲ್ಲಿ ಪೋರ್ಟನ್ನು ಸ್ಪೀಕರ್‌ಗೆ ಬದಲಿಸಿದರೆ ಸದ್ದು ಬರುತ್ತದೆ. ಇದೂ ನಿಲ್ಲದಿದ್ದರೆ ಆಲ್ಸಾ-ಟೂಲ್ಸ್-ಜಿಯುಐ ಪ್ಯಾಕೇಜ್‌ನ ಎಚ್‌ಡಿಎಜ್ಯಾಕ್‌ರೀಟಾಸ್ಕ್ ನೆರವಿನಿಂದ ಆ ಪಿನ್ನಿಗೆ ಜ್ಯಾಕ್ ಪತ್ತೆಯೇ ಇಲ್ಲ ಎಂದು ಡ್ರೈವರ್‌ಗೆ ಹೇಳಬಹುದು.

ಸರ್ವರ್‌ನ್ನು ಬದಿಗಿಟ್ಟು ಒಂದು ಪರೀಕ್ಷೆ

ಮಿಕ್ಸರ್ ಸರಿಮಾಡಿದ ಮೇಲೆ ಪೈಪ್‌ವೈರ್‌ನ ಹಂಗಿಲ್ಲದೆ ನೇರವಾಗಿ ಕಾರ್ಡಿಗೇ ಸದ್ದು ಕಳಿಸಿ ನೋಡಬೇಕು. ಆಜ್ಞೆ: ಸ್ಪೀಕರ್-ಟೆಸ್ಟ್ -ಡಿ ಪ್ಲಗ್‌ಎಚ್‌ಡಬ್ಲ್ಯೂ:0,0 -ಸಿ 2 -ಟಿ ವೇವ್. ಇಲ್ಲಿ ಡಿ ದೊಡ್ಡಕ್ಷರ, ಮತ್ತು ವೇವ್ ಎಂಬುದನ್ನು ಕೊನೆಯ ಇ ಇಲ್ಲದೆ ಮೂರೇ ಅಕ್ಷರಗಳಲ್ಲಿ ಬರೆಯಬೇಕು. ಎಡ ಸ್ಪೀಕರ್‌ನಿಂದ ‘ಫ್ರಂಟ್ ಲೆಫ್ಟ್’, ಬಲದಿಂದ ‘ಫ್ರಂಟ್ ರೈಟ್’ ಎಂಬ ಮಾತು ಕೇಳಿಬಂದರೆ ಕರ್ನಲ್‌ನಿಂದ ಸ್ಪೀಕರ್‌ವರೆಗಿನ ಇಡೀ ದಾರಿ ಸರಿಯಿದೆ, ದೋಷ ಮೇಲಿದೆ. ಸೊನ್ನೆ, ಸೊನ್ನೆ ಎಂಬ ಸಂಖ್ಯೆಗಳನ್ನು ಎಪ್ಲೇ -ಎಲ್ ಕೊಟ್ಟ ಪಟ್ಟಿಯೊಂದಿಗೆ ಹೋಲಿಸಿಕೊಳ್ಳಬೇಕು. ಎಚ್‌ಡಿಎ ಕಾರ್ಡ್‌ಗಳಲ್ಲಿ 3, 7, 8ನೆಯ ಸಾಧನಗಳು ಸಾಮಾನ್ಯವಾಗಿ ಎಚ್‌ಡಿಎಂಐಗೆ ಸೇರಿದವು. ಎಎಂಡಿ ಯಂತ್ರಗಳಲ್ಲಿ ಗ್ರಾಫಿಕ್ಸ್‌ನ ಎಚ್‌ಡಿಎಂಐ 0ನೆಯ ಕಾರ್ಡಾಗಿಯೂ ಸ್ಪೀಕರ್ ಇರುವುದು 1ನೆಯದಾಗಿಯೂ ಬರುವುದು ಮಾಮೂಲು. ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ ರೀಬೂಟ್ ಮಾಡಿದರೆ ಈ ಸಂಖ್ಯೆಗಳು ಅದಲುಬದಲಾಗಬಹುದಾದ್ದರಿಂದ, ಯಾವುದೇ ಕಡತದಲ್ಲಿ ಶಾಶ್ವತವಾಗಿ ಬರೆಯುವಾಗ ಸಂಖ್ಯೆಯ ಬದಲು ಪಿಸಿಎಚ್, ಜೆನರಿಕ್ ಮುಂತಾದ ಕಾರ್ಡಿನ ಹೆಸರನ್ನೇ ಬಳಸಬೇಕು.

ಪರೀಕ್ಷೆ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎಂದು ನಿಂತರೆ ಕಾರ್ಡ್ ಯಾರದೋ ಕೈಯಲ್ಲಿದೆ. ಯಾರೆಂದು ತಿಳಿಯಲು ಸುಡೋ ಎಫ್‌ಯೂಸರ್ -ವಿ /ಡೆವ್/ಎಸ್‌ಎನ್‌ಡಿ/* ಎಂದು ಕೊಡಬೇಕು. ಹೆಸರಿನ ಕೊನೆಯಲ್ಲಿ ‘ಪಿ’ ಇರುವ ಪಿಸಿಎಂ ಕಡತ ಪ್ಲೇಬ್ಯಾಕಿನದು, ‘ಸಿ’ ಇರುವುದು ಮೈಕಿನದು. ‘ಕಂಟ್ರೋಲ್’ ಕಡತದ ಮುಂದೆ ಪೈಪ್‌ವೈರ್, ವೈರ್‌ಪ್ಲಂಬರ್ ಇರುವುದು ಸಹಜ. ಪ್ಲೇಬ್ಯಾಕ್ ಕಡತದ ಮುಂದೆ ಪೈಪ್‌ವೈರ್ ಇದ್ದರೆ ಬ್ರೌಸರ್ ಮುಚ್ಚಿ ಕೆಲವು ಸೆಕೆಂಡು ಕಾಯಿರಿ. ಸದ್ದು ನಿಂತ 5 ಸೆಕೆಂಡಿಗೆ ಅದು ಕಾರ್ಡನ್ನು ಬಿಡುತ್ತದೆ.

ಅಲ್ಲಿ ‘ಇಸ್ಪೀಕಪ್’ ಎಂಬ ಹೆಸರು ಕಂಡರೆ ಮಾತ್ರ ಎಚ್ಚರದಿಂದ ಮುಂದುವರಿಯಬೇಕು. ಡೆಬಿಯನ್ ಇನ್‌ಸ್ಟಾಲರ್‌ನ ಮೊದಲ ಪರದೆಯಲ್ಲಿ ಎಸ್ ಒತ್ತಿ ಎಂಟರ್ ಕೊಟ್ಟರೆ ಇಡೀ ಇನ್‌ಸ್ಟಲೇಷನ್ ಮಾತಿನ ಮೂಲಕ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ಕಾರ್ಡ್‌ಗಳಿದ್ದರೆ ಅದು ಒಂದೊಂದರಲ್ಲೂ ಮಾತಾಡಿ, ಯಾವುದು ಕೇಳಿಸಿತೋ ಆಗ ಎಂಟರ್ ಒತ್ತಿ ಎನ್ನುತ್ತದೆ. ಕಣ್ಣಿನ ನೆರವಿಲ್ಲದೆ ಒಬ್ಬರೇ ಕುಳಿತು ಒಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಲು ಸಾಧ್ಯವಾಗಿಸಿದ ಈ ಏರ್ಪಾಡು ನನಗೆ ಡೆಬಿಯನ್‌ನ ಅತ್ಯಂತ ಗೌರವಾರ್ಹ ಕೆಲಸಗಳಲ್ಲಿ ಒಂದಾಗಿ ಕಾಣುತ್ತದೆ. ಹೀಗೆ ಹಾಕಿದ ಸಿಸ್ಟಂನಲ್ಲಿ ಡೆಸ್ಕ್‌ಟಾಪ್ ಇಲ್ಲದ ಅಕ್ಷರಗಳ ಪರದೆಯಾದ ಕನ್ಸೋಲ್‌ನ ಪಠ್ಯವನ್ನು ಓದುವ ಇಸ್ಪೀಕಪ್ ಸೇವೆಯೂ ತಾನಾಗಿಯೇ ಸೇರಿರುತ್ತದೆ. ಅದು ಪೈಪ್‌ವೈರ್ ಮೂಲಕ ಹೋಗದೆ ಆಲ್ಸಾ ಸಾಧನವನ್ನೇ ನೇರವಾಗಿ ತೆರೆದುಕೊಂಡರೆ, ಡೆಸ್ಕ್‌ಟಾಪ್‌ಗೆ ಬಂದ ಮೇಲೆ ಪೈಪ್‌ವೈರ್‌ಗೆ ಕಾರ್ಡ್ ಸಿಗದೆ ‘ಡಮ್ಮಿ ಔಟ್‌ಪುಟ್’ ಬರುತ್ತದೆ. ಕನ್ಸೋಲ್ ಮಾತಾಡುತ್ತದೆ, ಓರ್ಕಾ ಮಾತಾಡುವುದಿಲ್ಲ. ಗ್ನೋಮ್ ಮಾತ್ರ ಬಳಸುವವರಾದರೆ ಸಿಸ್ಟಂಸಿಟಿಎಲ್ ಸ್ಟಾಪ್ ಇಸ್ಪೀಕಪ್ ಎಂದು ಮೊದಲು ತಾತ್ಕಾಲಿಕವಾಗಿ ನಿಲ್ಲಿಸಿ, ಓರ್ಕಾದ ಮಾತು ನಿಜಕ್ಕೂ ಬಂದಿತೆಂದು ಯಂತ್ರದ ಒಡೆಯರಿಂದಲೇ ಖಚಿತಪಡಿಸಿಕೊಂಡು, ಆಮೇಲಷ್ಟೇ ಡಿಸೇಬಲ್ ಮಾಡಬೇಕು. ಎರಡೂ ಬೇಕೆನ್ನುವವರಿಗೆ ಕನ್ಸೋಲ್ ಮಾತಿಗೆಂದು ಪ್ರತ್ಯೇಕ ಯುಎಸ್‌ಬಿ ಅಡಾಪ್ಟರ್ ಮೀಸಲಿಡುವುದೇ ಜಗಳವಿಲ್ಲದ ದಾರಿ.

ಪೈಪ್‌ವೈರ್

ಕಾರ್ಡ್ ನೇರವಾಗಿ ನುಡಿಯುತ್ತಿದ್ದು ಡೆಸ್ಕ್‌ಟಾಪ್ ಮಾತ್ರ ಮೌನವಾಗಿದ್ದರೆ ಸಿಸ್ಟಂಸಿಟಿಎಲ್ --ಯೂಸರ್ ಸ್ಟೇಟಸ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್ ವೈರ್‌ಪ್ಲಂಬರ್ ಎಂದು ಕೇಳಬೇಕು. ಮೂರೂ ‘ಆಕ್ಟಿವ್’ ಆಗಿರಬೇಕು. ಇವು ಲಾಗಿನ್ ಆದ ಬಳಕೆದಾರರ ಸ್ವಂತ ಸೇವೆಗಳಾದ್ದರಿಂದ ಸುಡೋ ಸೇರಿಸಬಾರದು. ನಂತರ ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್ ಕೊಟ್ಟರೆ ‘ಸಿಂಕ್ಸ್’ ಎಂಬ ತಲೆಬರಹದ ಕೆಳಗೆ ಸದ್ದು ಹೋಗಬಹುದಾದ ಜಾಗಗಳ ಪಟ್ಟಿ ಬರುತ್ತದೆ, ಈಗ ಆರಿಸಿರುವುದರ ಮುಂದೆ ನಕ್ಷತ್ರದ ಚಿಹ್ನೆ ಇರುತ್ತದೆ. ಅದು ಎಚ್‌ಡಿಎಂಐ ಮುಂದೆ ಕೂತಿದ್ದರೆ ಸ್ಪೀಕರ್‌ನ ಸಂಖ್ಯೆಯನ್ನು ನೋಡಿಕೊಂಡು ಡಬ್ಲ್ಯೂಪಿಸಿಟಿಎಲ್ ಸೆಟ್-ಡಿಫಾಲ್ಟ್ ಜೊತೆ ಆ ಸಂಖ್ಯೆಯನ್ನು ಕೊಡಬೇಕು. ಸ್ಪೀಕರ್ ಪಟ್ಟಿಯಲ್ಲೇ ಇಲ್ಲದಿದ್ದರೆ ಪಾವುಕಂಟ್ರೋಲ್‌ನ ‘ಕಾನ್ಫಿಗರೇಷನ್’ ಪುಟದಲ್ಲಿ ಕಾರ್ಡಿನ ಪ್ರೊಫೈಲ್ ‘ಆಫ್’ ಆಗಿರುವ ಸಾಧ್ಯತೆ ಇದೆ. ‘ಅನಲಾಗ್ ಸ್ಟೀರಿಯೋ ಡ್ಯುಪ್ಲೆಕ್ಸ್’ ಆರಿಸಿದರೆ ಸಾಕು.

ಪ್ರತಿ ಲಾಗಿನ್‌ಗೂ ತಪ್ಪು ಆಯ್ಕೆಯೇ ಮರಳಿ ಬರುತ್ತಿದ್ದರೆ ವೈರ್‌ಪ್ಲಂಬರ್ ನೆನಪಿಟ್ಟುಕೊಂಡ ಹಳೆಯ ಸ್ಥಿತಿಯೇ ಕಾರಣವಾಗಿರಬಹುದು. ಹೋಮ್ ಫೋಲ್ಡರ್‌ನ .ಲೋಕಲ್/ಸ್ಟೇಟ್/ವೈರ್‌ಪ್ಲಂಬರ್ ಎಂಬುದನ್ನು ಅಳಿಸದೆ ಬೇರೆ ಹೆಸರಿಗೆ ಬದಲಿಸಿ, ಮೂರೂ ಸೇವೆಗಳನ್ನು ರೀಸ್ಟಾರ್ಟ್ ಮಾಡಿ. ವೈರ್‌ಪ್ಲಂಬರ್‌ಗೆ ಸಂಬಂಧಿಸಿದ ಸೆಟ್ಟಿಂಗ್‌ಗಳನ್ನು ಬೇರೆಡೆಯಿಂದ ತರುವಾಗ ಆವೃತ್ತಿ ನೋಡಬೇಕು: ಡೆಬಿಯನ್ 12ರಲ್ಲಿರುವ 0.4 ಆವೃತ್ತಿಗೆ ಲುವಾ ಭಾಷೆಯ ಕಡತಗಳು ಬೇಕು, 0.5ರಿಂದ ಆ ರೂಪ ಬದಲಾಗಿದೆ.

ಸದ್ದು ಬರುತ್ತಿದ್ದು ಪ್ರತಿ ವಾಕ್ಯದ ಮೊದಲ ಅಕ್ಷರ ನುಂಗಿಹೋಗುವುದು ಇನ್ನೊಂದು ದೋಷ. ಹಾಡು ಕೇಳುವವರು ಇದನ್ನು ಗಮನಿಸದೆ ಇರಬಹುದು. ಸ್ಕ್ರೀನ್ ರೀಡರ್ ಬಳಸುವವರಿಗೆ ‘ಅಳಿಸು’ ಎಂಬುದು ‘ಳಿಸು’ ಎಂದು ಕೇಳಿದರೆ ಅದು ‘ಉಳಿಸು’ ಇದ್ದೀತೇ ‘ಅಳಿಸು’ ಇದ್ದೀತೇ ಎಂದು ತಿಳಿಯುವ ಬಗೆಯೇ ಇಲ್ಲ. ವಿದ್ಯುತ್ ಉಳಿತಾಯಕ್ಕೆಂದು ಕೋಡೆಕ್ ಮಲಗಿ ಏಳುವಷ್ಟರಲ್ಲಿ ಆ ಮೊದಲ ಅಕ್ಷರ ಕಳೆದುಹೋಗಿರುತ್ತದೆ. /ಸಿಸ್/ಮಾಡ್ಯೂಲ್/ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್/ಪ್ಯಾರಾಮೀಟರ್ಸ್/ಪವರ್_ಸೇವ್ ಕಡತದಲ್ಲಿ 0 ಅಲ್ಲದೆ ಬೇರೆ ಸಂಖ್ಯೆ ಇದ್ದರೆ ಅಷ್ಟು ಸೆಕೆಂಡಿನ ಮೌನದ ನಂತರ ಕೋಡೆಕ್ ಮಲಗುತ್ತದೆ ಎಂದರ್ಥ. ಮಾಡ್‌ಪ್ರೋಬ್.ಡಿ ಒಳಗೆ ‘ಆಪ್ಷನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0’ ಎಂದು ಬರೆದು ರೀಬೂಟ್ ಮಾಡಬೇಕು. ಅಷ್ಟಕ್ಕೂ ಸರಿಯಾಗದಿದ್ದರೆ ಮೇಲೆ ಹೇಳಿದ ಪೈಪ್‌ವೈರ್‌ನ 5 ಸೆಕೆಂಡಿನ ಗಡುವನ್ನೂ ವೈರ್‌ಪ್ಲಂಬರ್ ಸೆಟ್ಟಿಂಗ್‌ನಲ್ಲಿ 0 ಮಾಡಬೇಕಾಗುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು. ಇಂಥವರ ಯಂತ್ರದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ವಿಂಡೋಸ್ ಕೂಡ ಇರುವ ಯಂತ್ರದಲ್ಲಿ, ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿ ಲಿನಕ್ಸ್‌ಗೆ ಬಂದಾಗ ಮಾತ್ರ ಸದ್ದು ಇಲ್ಲದಿದ್ದರೆ, ವಿಂಡೋಸ್ ಕೋಡೆಕನ್ನು ಬಿಟ್ಟುಹೋದ ಸ್ಥಿತಿಯೇ ಕಾರಣ. ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ತೆಗೆದಿಡುವುದು ಲೇಸು.

ಲಿನಕ್ಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿ ಬಳಸುವವರಿಗೆ ಒಂದು ಮಾತು. ಅಲ್ಲಿ ಓಎಸ್‌ಎಸ್ ಮಾದರಿಯೇ ಇಂದಿಗೂ ನಡೆಯುತ್ತಿದ್ದು, ಕಾರ್ಡ್‌ಗಳ ಪಟ್ಟಿ /ಡೆವ್/ಎಸ್‌ಎನ್‌ಡಿಸ್ಟ್ಯಾಟ್ ಕಡತದಲ್ಲಿ ಸಿಗುತ್ತದೆ, ಸದ್ದು ಯಾವ ಸಾಧನಕ್ಕೆ ಎಂಬುದನ್ನು ಎಚ್‌ಡಬ್ಲ್ಯೂ.ಎಸ್‌ಎನ್‌ಡಿ.ಡಿಫಾಲ್ಟ್_ಯೂನಿಟ್ ಎಂಬ ಸಿಸ್‌ಸಿಟಿಎಲ್ ಸೆಟ್ಟಿಂಗ್ ನಿರ್ಧರಿಸುತ್ತದೆ. ಸ್ಪೀಕರ್ ಮತ್ತು ಹೆಡ್‌ಫೋನ್ ಎರಡು ಬೇರೆ ಸಾಧನಗಳಾಗಿ ಕಂಡು, ಪಿನ್ ಸಿಕ್ಕಿಸಿದರೂ ಸದ್ದು ಬದಲಾಗದಿದ್ದರೆ, ಡಿವೈಸ್.ಹಿಂಟ್ಸ್ ಕಡತದಲ್ಲಿ ಎರಡೂ ಪಿನ್ನುಗಳಿಗೆ ಒಂದೇ ‘ಎಎಸ್’ ಸಂಖ್ಯೆ ಕೊಟ್ಟು, ಹೆಡ್‌ಫೋನ್‌ಗೆ ‘ಸೆಕ್’ 15 ಎಂದು ಬರೆದರೆ ಆಟೋ-ಮ್ಯೂಟ್ ಕೆಲಸ ಮಾಡುತ್ತದೆ.

ಸರಿಹೋದ ಮೇಲೆ ಸುಡೋ ಆಲ್ಸಾಸಿಟಿಎಲ್ ಸ್ಟೋರ್ ಕೊಟ್ಟು ಮಿಕ್ಸರ್‌ನ ಸ್ಥಿತಿಯನ್ನು ಉಳಿಸಿಡಬೇಕು. ಏನು ಮಾಡಿದರೂ ಸರಿಹೋಗದಿದ್ದರೆ ಆಲ್ಸಾ-ಇನ್ಫೋ --ನೋ-ಅಪ್‌ಲೋಡ್ ಎಂಬ ಆಜ್ಞೆಯಿಂದ ಕಾರ್ಡ್, ಕೋಡೆಕ್, ಮಿಕ್ಸರ್‌ಗಳ ಪೂರ್ಣ ವಿವರ ಒಂದೇ ಕಡತವಾಗಿ /ಟೆಂಪ್ ಒಳಗೆ ಸಿಗುತ್ತದೆ. ಅದನ್ನೊಮ್ಮೆ ಓದಿ, ಹೊರಗೆ ಹೋಗಬಾರದ ವಿವರ ಇದ್ದರೆ ತೆಗೆದು, ರಿಪೋರ್ಟ್‌ಬಗ್ ಮೂಲಕ ಡೆಬಿಯನ್‌ಗೆ ದೋಷ ವರದಿ ಕಳಿಸುವಾಗ ಜೊತೆಗೆ ಲಗತ್ತಿಸಬೇಕು. ಯಾವ ಹಂತದವರೆಗೆ ಪರೀಕ್ಷೆ ಗೆದ್ದಿತು, ಯಾವ ಹಂತದಲ್ಲಿ ನಿಂತಿತು, ಸ್ಪೀಕರ್-ಟೆಸ್ಟ್ ಏನು ಹೇಳಿತು, ಖಾಲಿ ಜ್ಯಾಕ್‌ನ ಉತ್ತರ ಏನಿತ್ತು ಎಂಬ ನಾಲ್ಕು ಸಾಲುಗಳನ್ನು ವರದಿಯ ಮೊದಲಿಗೇ ಬರೆಯಿರಿ. ಅದೇ ಕೋಡೆಕ್‌ನ ಇನ್ನೊಂದು ಯಂತ್ರವನ್ನು ಎದುರಿಗಿಟ್ಟುಕೊಂಡ ಡೆವಲಪರ್‌ಗೆ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗುವುದು ಅವುಗಳಿಂದಲೇ.